ಎರಡಡಿ ಫಿಶ್ ಟ್ಯಾಂಕ್ ಸೆಟ್: ಗಾಜಿಗೆ ಫಸ್ಟ್ ಕ್ಲಾಸ್, ಫಿಲ್ಟರಿಗೆ ಜಸ್ಟ್ ಪಾಸ್

ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ, ಮಗುವಿನ ಕೈ ಹಿಡಿದು ಅಕ್ವೇರಿಯಂ ಅಂಗಡಿಗೆ ಹೋದವರಿಗೆ ಮೊದಲು ತೋರಿಸುವುದು ಎರಡಡಿ ಸೆಟ್ಟನ್ನೇ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ, ಲೈಟ್ ಇರುವ ಪ್ಲಾಸ್ಟಿಕ್ ಮುಚ್ಚಳ, ಒಳಗೆ ಅಂಟಿಸುವ ಸಣ್ಣ ಪವರ್ ಫಿಲ್ಟರ್, ಒಂದು ಚೀಲ ಬಣ್ಣದ ಜಲ್ಲಿ, ಎರಡು ಪ್ಲಾಸ್ಟಿಕ್ ಗಿಡ, ಹಿಂದೆ ಅಂಟಿಸಲು ಸಮುದ್ರದ ಪೋಸ್ಟರ್, ಪುಟಾಣಿ ಆಂಟಿ-ಕ್ಲೋರಿನ್ ಬಾಟಲಿ, ಒಂದು ಡಬ್ಬಿ ಫುಡ್. "ಇಷ್ಟೇ ಸಾರ್, ನೀರು ತುಂಬ್ಸಿ, ಸ್ವಿಚ್ ಹಾಕಿ, ಮೀನು ಬಿಡಿ" ಅಂತ ಹೇಳಿ ಕಳಿಸುತ್ತಾರೆ. ಮೂರೂ ಸರಿಯೇ. ಸ್ವಿಚ್ ಹಾಕುವುದಕ್ಕೂ ಮೀನು ಬಿಡುವುದಕ್ಕೂ ನಡುವೆ ಒಂದು ತಿಂಗಳು ಇರಬೇಕು ಅನ್ನುವುದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಪೋಸ್ಟರ್ ಫ್ರೀ ಅನ್ನುತ್ತಾರೆ. ಪೋಸ್ಟರ್ ಜೊತೆಗೆ ಬದುಕಿನ ಪಾಠವೂ ಫ್ರೀ. ಕಲಿಸುವುದು ಮೀನು, ಕಲಿಯುವುದು ನಾವು, ಫೀಸು ಕಟ್ಟುವುದು ಮಾತ್ರ ಮತ್ತೆ ಮೀನೇ. ಹಾಗಾಗಿ ಈ ವಿಮರ್ಶೆಯಲ್ಲಿ ಸೆಟ್ಟಿನ ಜೊತೆಗೆ, ಅದರೊಳಗೆ ಬಿಡಲು ಮಾರುವ ಮೀನುಗಳಿಗೂ ಅಂಕ ಹಾಕಿದೆ.

ಗಾಜಿನ ಬಗ್ಗೆ ದೂರು ಕಡಿಮೆ. ಈ ಅಳತೆಗೆ 5 ಮಿ.ಮೀ. ದಪ್ಪ ಸಾಕು, 4 ಮಿ.ಮೀ. ತೋರಿಸಿದರೆ ಬೇಡ ಅನ್ನಿ. ಬೆಳಕಿಗೆ ಹಿಡಿದು ಮೂಲೆಗಳನ್ನು ನೋಡಬೇಕು: ಗಾಜಿಗೆ ಗಾಜು ಸೇರುವ ಗೆರೆಯೊಳಗೆ ಸಾಲಾಗಿ ಗಾಳಿಗುಳ್ಳೆ ಕಂಡರೆ ಮುಂದೆ ಸೋರುವುದು ಅಲ್ಲೇ. ಇಲ್ಲೇ ಅಂಟಿಸಿಕೊಟ್ಟ ತೊಟ್ಟಿಯಾದರೆ ಸಿಲಿಕೋನಿನ ಹುಳಿ ವಾಸನೆ ಪೂರ್ತಿ ಹೋಗುವವರೆಗೆ, ಕಡೇಪಕ್ಷ ಎರಡು ದಿನ, ನೀರು ಹಾಕಬಾರದು. ಬಾತ್‌ರೂಮಿಗೆಂದು ಮಾರುವ, ಬೂಷ್ಟು ಹಿಡಿಯದ ಸಿಲಿಕೋನಿನಲ್ಲಿ ಅಂಟಿಸಿದ ತೊಟ್ಟಿ ಬೇಡವೇ ಬೇಡ. ಬೂಷ್ಟನ್ನು ಕೊಲ್ಲಲು ಹಾಕಿದ ಮದ್ದು ಮೀನನ್ನೂ ಬಿಡುವುದಿಲ್ಲ. ಮನೆಗೆ ತಂದ ಮೇಲೆ ಸ್ಟ್ಯಾಂಡ್ ಮೇಲೆ ಏರಿಸುವ ಮೊದಲು ವರಾಂಡದಲ್ಲಿ ಮಟ್ಟದ ಜಾಗ ನೋಡಿ, ತುಂಬಿಸಿ, 24 ಗಂಟೆ ಬಿಟ್ಟು, ಅಂಚಿನ ಸುತ್ತ ಪೇಪರ್ ಇಟ್ಟು ನೋಡಿ. ಪೇಪರ್ ಒಣಗಿದ್ದರೆ ಗಾಜಿಗೆ ಫಸ್ಟ್ ಕ್ಲಾಸ್.

ತುಂಬಿದ ತೊಟ್ಟಿಯಲ್ಲಿ ಹಿಡಿಯುವುದು 57 ಲೀಟರ್. ಜಲ್ಲಿ, ಗಾಜು ಸೇರಿದರೆ 70 ಕೆ.ಜಿ. ದಾಟುತ್ತದೆ. ಟೀವಿ ಶೋಕೇಸಿನ ಹಲಗೆ, ಟೀಪಾಯಿ, ಫ್ರಿಜ್ಜಿನ ತಲೆ, ಯಾವುದೂ ಇದಕ್ಕಲ್ಲ. ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೆ ಪ್ಲೈವುಡ್, ಅದರ ಮೇಲೆ ಅರ್ಧ ಇಂಚಿನ ಥರ್ಮೋಕೋಲ್ ಹಾಳೆ. ಪ್ಲೈವುಡ್ಡಿನಲ್ಲಿ ಒಂದು ಮೊಳೆಯ ತಲೆ ಎದ್ದಿದ್ದರೂ ಭಾರವೆಲ್ಲ ಆ ಬಿಂದುವಿನ ಮೇಲೆ ಬಿದ್ದು ತಳ ಸೀಳುತ್ತದೆ. ಥರ್ಮೋಕೋಲ್ ಇರುವುದು ಅದಕ್ಕೇ. ಎರಡು ಬೆರಳು ನೀರು ಹಾಕಿ ಎರಡೂ ಕೊನೆಯಲ್ಲಿ ಸ್ಕೇಲಿನಿಂದ ಅಳೆದರೆ ಸ್ಟ್ಯಾಂಡ್ ವಾಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟರೆ ಹದಿನೈದೇ ದಿನದಲ್ಲಿ ಪಾಚಿಯ ತೋಟ.

ಜಲ್ಲಿಗೆ ಅಂಕ ಕಡಿಮೆ. ನೀಲಿ, ಗುಲಾಬಿ ಜಲ್ಲಿಯನ್ನು ಬಕೆಟ್ಟಿನಲ್ಲಿ ತೊಳೆದಾಗ ನೀರಿಗೆ ಬಣ್ಣ ಬಿಟ್ಟರೆ ವಾಪಸ್ ಕೊಡಿ. 3ರಿಂದ 5 ಮಿ.ಮೀ.ನ ಸಾದಾ ಕಂದು ಜಲ್ಲಿ 10ರಿಂದ 12 ಕೆ.ಜಿ. ತಂದರೆ ಒಂದೂವರೆ ಇಂಚು ತಳ ಆಗುತ್ತದೆ. ಹೊಳೆದಂಡೆಯಿಂದ ತಂದ ಕಲ್ಲಾದರೆ ಮೇಲೆ ನಿಂಬೆರಸ ಹಿಂಡಿ: ನೊರೆ ಎದ್ದರೆ ಸುಣ್ಣದ ಕಲ್ಲು, ನೀರನ್ನು ದಿನೇದಿನೇ ಗಡಸು ಮಾಡುತ್ತದೆ.

ಇನ್ನು ಫಿಲ್ಟರ್. ಡಬ್ಬಿಯ ಮೇಲೆ ಗಂಟೆಗೆ 500, 600 ಲೀಟರ್ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಅದು ಸ್ಪಾಂಜ್ ಹಾಕದ, ಕೊಳೆ ಕಟ್ಟದ ಮೋಟರಿನ ಲೆಕ್ಕ. ಅರ್ಧ ಅಂತ ಓದಿಕೊಳ್ಳಿ. ಅರ್ಧವಾದರೂ ಸಾಕು, ಏಕೆಂದರೆ ಈ ತೊಟ್ಟಿಯ ನೀರು ಗಂಟೆಗೆ ನಾಲ್ಕೈದು ಸಲ ಫಿಲ್ಟರ್ ಹಾದು ಬಂದರೆ ಆಯಿತು, ಅಂದರೆ ಸುಮಾರು 250 ಲೀಟರ್. ತೊಂದರೆ ಮೋಟರಿನಲ್ಲಿಲ್ಲ, ಸ್ಪಾಂಜಿನಲ್ಲಿದೆ. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡ ಸ್ಪಾಂಜ್ ಇಟ್ಟು ಅಷ್ಟು ನೀರು ತಿರುಗಿಸಿದರೆ ಕಸ ಸಿಕ್ಕಿಕೊಳ್ಳುತ್ತದೆ, ನೀರು ಕನ್ನಡಿಯಂತೆ ಕಾಣುತ್ತದೆ, ಆದರೆ ಒಳಗಿನ ವಿಷ ಹಾಗೇ ಉಳಿಯುತ್ತದೆ. ಕಾಣುವ ಕೊಳೆ ಬೇರೆ, ಕೊಲ್ಲುವ ಕೊಳೆ ಬೇರೆ. ಜೊತೆಗೊಂದು ಜೋಡಿ ಸ್ಪಾಂಜ್ ಫಿಲ್ಟರ್, ಅದಕ್ಕೊಂದು ಏರ್ ಪಂಪ್ ತಂದುಬಿಡಿ. ಸೆಟ್ಟಿನಲ್ಲಿ ಕೊಡದೆ ಇರುವ ಸಾಮಾನುಗಳಲ್ಲಿ ಮೊದಲು ಬೇಕಾದದ್ದು ಅದೇ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು, ಇಲ್ಲವೇ ಪೈಪಿಗೆ ಚೆಕ್ ವಾಲ್ವ್ ಹಾಕಬೇಕು. ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯುತ್ತದೆ, ಕರೆಂಟ್ ಬಂದಾಗ ಪಂಪ್ ಹೋಗಿರುತ್ತದೆ.

ಆ ಒಂದು ತಿಂಗಳ ವಿಷಯಕ್ಕೆ ಬರೋಣ. ಮೀನು ಅಮೋನಿಯಾವನ್ನು ಹೊರಹಾಕುವುದು ಬಹುಪಾಲು ಕಿವಿರಿನಿಂದ. ಉಸಿರಾಡುತ್ತಲೇ ನೀರು ಕೆಡಿಸುತ್ತಿರುತ್ತದೆ. ಒಂದು ಜಾತಿ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ; ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದನ್ನು ಮೀನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಈ ಎರಡು ಪಂಗಡ ಸ್ಪಾಂಜಿನಲ್ಲೂ ಜಲ್ಲಿಯಲ್ಲೂ ಸಂಸಾರ ಹೂಡಲು 4ರಿಂದ 6 ವಾರ ಬೇಕು. ಅದಕ್ಕೆ ಮೀನು ಬೇಕಿಲ್ಲ. ಫಿಲ್ಟರ್ ಓಡಿಸಿ, ಖಾಲಿ ನೀರಿಗೆ ದಿನಾ ಒಂದು ಚಿಟಿಕೆ ಫುಡ್ ಹಾಕಿದರೆ ಅದು ಕೊಳೆತು ಅಮೋನಿಯಾ ಆಗುತ್ತದೆ. ಟೆಸ್ಟ್ ಕಿಟ್ಟಿನಲ್ಲಿ ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಏರುತ್ತಿದ್ದರೆ ತೊಟ್ಟಿ ತಯಾರು. ಕಿಟ್ಟಿನ ಬೆಲೆ ನಾಲ್ಕಾರು ಮೀನಿಗಿಂತ ಹೆಚ್ಚು, ಹಾಗಾಗಿ ಯಾರೂ ಕೊಳ್ಳುವುದಿಲ್ಲ. ಬದಲಿಗೆ ನಾಲ್ಕಾರು ಮೀನನ್ನೇ ಕಿಟ್ಟಾಗಿ ಬಳಸುತ್ತಾರೆ.

ಮೀನಿಲ್ಲದ ತೊಟ್ಟಿಗೆ ದಿನಾ ಊಟ ಹಾಕುತ್ತ ಒಂದು ತಿಂಗಳು ಕೂರುವುದು ಮನೆಯವರ ಕಣ್ಣಿಗೆ ಅಷ್ಟೇನೂ ಮರ್ಯಾದೆಯ ಕೆಲಸವಲ್ಲ. ನೆಂಟರು ಬಂದು "ಮೀನೆಲ್ರೀ?" ಅಂದರೆ "ಬ್ಯಾಕ್ಟೀರಿಯಾ ಸಾಕ್ತಿದೀವಿ" ಅನ್ನುವ ಧೈರ್ಯ ಬೇಕು. ಮೊದಲ ವಾರದಲ್ಲೇ ನೀರು ಹಾಲಿನ ಹಾಗೆ ಬೆಳ್ಳಗಾದಾಗ ಆ ಧೈರ್ಯ ಕುಸಿಯುತ್ತದೆ. ಅದು ಕೆಟ್ಟದ್ದಲ್ಲ, ನೀರಲ್ಲಿ ತೇಲುವ ಬೇರೆ ಬ್ಯಾಕ್ಟೀರಿಯಾದ ಹಬ್ಬ. ಮುಟ್ಟದೆ ಬಿಟ್ಟರೆ ಕೆಲವೇ ದಿನದಲ್ಲಿ ತಾನೇ ತಿಳಿಯಾಗುತ್ತದೆ. ತಾಳ್ಮೆ ಇಲ್ಲದವರಿಗೆ ಒಂದು ಅಡ್ಡದಾರಿ ಇದೆ: ಚೆನ್ನಾಗಿ ನಡೆಯುತ್ತಿರುವ ಸ್ನೇಹಿತರ ತೊಟ್ಟಿಯ ಕೊಳಕು ಸ್ಪಾಂಜನ್ನು ತಂದು ನಿಮ್ಮ ಫಿಲ್ಟರಿಗೆ ಸೇರಿಸುವುದು. ಹಳೇ ನೀರು ತಂದರೆ ಪ್ರಯೋಜನ ಕಡಿಮೆ. ನಮಗೆ ಬೇಕಾದ ಬ್ಯಾಕ್ಟೀರಿಯಾ ನೀರಲ್ಲಿ ತೇಲುವುದಿಲ್ಲ, ಸ್ಪಾಂಜು, ಜಲ್ಲಿಯ ಮೈಗೆ ಅಂಟಿಕೊಂಡೇ ಬದುಕುತ್ತದೆ.

ಇಷ್ಟು ಕಷ್ಟಪಟ್ಟು ಬೆಳೆಸಿದ್ದನ್ನು ಒಂದೇ ದಿನದಲ್ಲಿ ತೊಳೆದುಹಾಕುವುದಕ್ಕೆ ಮೈಸೂರಿನಲ್ಲಿ ಒಂದು ಮುಹೂರ್ತವೇ ಇದೆ: ಆಯುಧಪೂಜೆಯ ಹಿಂದಿನ ದಿನ. ಸ್ಕೂಟರ್ ತೊಳೆದು, ಸೈಕಲ್ ತೊಳೆದು, ಮಿಕ್ಸಿ ಒರೆಸಿ, ಕೈಯಲ್ಲಿ ಪೈಪ್ ಇರುವಾಗಲೇ ಕಣ್ಣು ತೊಟ್ಟಿಯ ಮೇಲೆ ಬೀಳುತ್ತದೆ. ಮೀನೆಲ್ಲ ಬಕೆಟ್ಟಿಗೆ, ನೀರೆಲ್ಲ ಮೋರಿಗೆ, ಜಲ್ಲಿಗೆ ಬಿಸಿನೀರು, ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡುವುದು. ಫಳಫಳ ಹೊಳೆಯುವ ಗಾಜಿಗೆ ಅರಿಶಿನ ಕುಂಕುಮ. ಪೂಜೆಯ ಮಾರನೇ ದಿನ ಜಂಬೂಸವಾರಿ ಅರಮನೆಯಿಂದ ಹೊರಡುವ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ನಲ್ಲಿಯ ಕ್ಲೋರಿನ್ ಸ್ಪಾಂಜಿನ ಬ್ಯಾಕ್ಟೀರಿಯಾ ಕೊಂದಿದೆ, ಬಿಸಿನೀರು ಜಲ್ಲಿಯದನ್ನು ಕೊಂದಿದೆ, ಮೀನು ಮಾತ್ರ ಎಂದಿನಂತೆ ಅಮೋನಿಯಾ ಬಿಡುತ್ತಿದೆ. ಸ್ಕೂಟರಿಗೆ ಸಲ್ಲುವ ಶ್ರದ್ಧೆ ಎಲ್ಲದಕ್ಕೂ ಸಲ್ಲುವುದಿಲ್ಲ.

ಸರಿಯಾದ ಕೆಲಸ ಇದರ ಕಾಲು ಭಾಗ. ವಾರಕ್ಕೊಮ್ಮೆ ಒಂದು ಬಕೆಟ್, ಅಂದರೆ 14 ಲೀಟರ್ ಹತ್ತಿರ, ನೀರನ್ನು ಅರ್ಧ ಇಂಚಿನ ಪ್ಲಾಸ್ಟಿಕ್ ಪೈಪಿನಲ್ಲಿ ಎಳೆದು ತೆಗೆಯಿರಿ. ಪೈಪಿನ ಬಾಯಿಯನ್ನು ಜಲ್ಲಿಯೊಳಗೆ ಚುಚ್ಚಿ ಚುಚ್ಚಿ ಹಿಡಿದರೆ ತಳದ ಕಸವೂ ಬರುತ್ತದೆ. ಆ ತೆಗೆದ ನೀರಿನಲ್ಲೇ ಸ್ಪಾಂಜನ್ನು ಎರಡು ಸಲ ಹಿಂಡಿ ವಾಪಸ್ ಹಾಕಿ. ಬೆಳ್ಳಗಾಗಬಾರದು, ಕಂದು ಬಣ್ಣ ಉಳಿಯಬೇಕು. ಎರಡು ಫಿಲ್ಟರ್ ಇದ್ದರೆ ಒಂದು ವಾರ ಒಂದು, ಇನ್ನೊಂದು ವಾರ ಇನ್ನೊಂದು. ಬಕೆಟ್ಟಿನ ನೀರು ಗಿಡಕ್ಕೆ ಹಾಕಿ, ದಾಸವಾಳಕ್ಕೆ ಬಹಳ ಹಿತ.

ಹೊಸ ನೀರಿನ ವಿಚಾರ. ಮೈಸೂರಿನ ನಲ್ಲಿಗೆ ಬರುವುದು ಬಹುಪಾಲು ಹೊಂಗಳ್ಳಿ, ಮೇಳಾಪುರ, ಬೆಳಗೊಳದ ಕಾವೇರಿ, ಜೊತೆಗೆ ಕಬಿನಿ. ಹೊಳೆ ನೀರು ಮೀನಿಗೆ ಒಳ್ಳೆಯದೇ, ಕ್ಲೋರಿನ್ ಒಂದು ತೆಗೆದರೆ. ಸೆಟ್ಟಿನ ಆಂಟಿ-ಕ್ಲೋರಿನ್ ಅಂದರೆ ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್; ಬಾಟಲಿಯ ಮೇಲೆ ಬರೆದಷ್ಟು ಹನಿ ಹಾಕಿದರೆ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಅದು ಖಾಲಿಯಾದರೆ ಅಗಲ ಬಾಯಿಯ ಬಕೆಟ್ಟಿನಲ್ಲಿ ನೀರು ಹಿಡಿದು 24 ಗಂಟೆ ತೆರೆದಿಟ್ಟರೂ ಕ್ಲೋರಿನ್ ಹಾರಿಹೋಗುತ್ತದೆ. ಕೆಲವು ಬಡಾವಣೆಗಳಲ್ಲೂ ಮಂಡ್ಯದ ಕಡೆ ಬಹಳ ಮನೆಗಳಲ್ಲೂ ಸಂಪಿನಲ್ಲಿ ಬೋರ್ ನೀರು ಬೆರೆತಿರುತ್ತದೆ. ಗೀಸರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವ ಮನೆಯಾದರೆ ನಿಮ್ಮದು ಗಡಸು ನೀರು: ಗಪ್ಪಿ, ಮಾಲಿ, ಪ್ಲಾಟಿಗೆ ಸುಗ್ಗಿ, ನಿಯಾನ್ ಟೆಟ್ರಾ, ಡಿಸ್ಕಸ್‌ಗೆ ಸಂಕಟ. ಇನ್ನೊಂದು ಸೂಕ್ಷ್ಮ ಇದೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7 ಇರುವ ನೀರಿನಲ್ಲಿ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಬರೀ ಅರ್ಧ, ಅಂದರೆ 0.5%. ಗಡಸು ಬೋರ್ ನೀರಿನಲ್ಲಿ ಆಗುವಂತೆ ಪಿಎಚ್ 8 ಆದರೆ 25 ಡಿಗ್ರಿಯಲ್ಲಿ ಅದು ನೂರಕ್ಕೆ ಐದು. ಹಾಗಾಗಿ ಒಂದೇ ಸೋಮಾರಿತನಕ್ಕೆ ಬೋರ್ ನೀರಿನ ಮನೆಯಲ್ಲಿ ಶಿಕ್ಷೆ ಹತ್ತು ಪಟ್ಟು.

ಈಗ ಮೀನು.

ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವುದು, ಈ ಸೆಟ್ಟಿಗೆ ಎಲ್ಲಕ್ಕಿಂತ ಕಡಿಮೆ ಹೊಂದುವುದು ಗೋಲ್ಡ್ ಫಿಶ್. ವಾಸ್ತು ಅಂತ ಎಂಟು ಕೆಂಪು, ಒಂದು ಕಪ್ಪು ಕೇಳಿಕೊಂಡು ಬರುತ್ತಾರೆ. ಮೊದಲ ಗೋಲ್ಡ್ ಫಿಶ್‌ಗೆ 75 ಲೀಟರ್, ಆಮೇಲಿನ ಒಂದೊಂದಕ್ಕೂ 40 ಲೀಟರ್ ಅನ್ನುವುದು ಸಾಕುವವರ ಲೆಕ್ಕ. ಒಂಬತ್ತಕ್ಕೆ ಹತ್ತಿರ ಹತ್ತಿರ 400 ಲೀಟರ್ ಆಯಿತು. 57 ಲೀಟರಿನಲ್ಲಿ ಒಂಬತ್ತು ಬಿಟ್ಟರೆ ಲಕ್ಷ್ಮಿ ಬರುವುದು ನಿಜ, ಅಂಗಡಿಯವರ ಮನೆಗೆ, ತಿಂಗಳು ತಿಂಗಳು. ಒಂದು ಸತ್ತರೆ "ಮನೆಗೆ ಬರೋ ಗಂಡಾಂತರ ಅದು ತಗೊಂಡೋಯ್ತು" ಅಂತ ಸಮಾಧಾನ ಹೇಳುವವರು ಇದ್ದೇ ಇರುತ್ತಾರೆ. ಗಂಡಾಂತರ ಬಂದದ್ದು ಮೀನಿಗೇ, ಅದರ ಹೆಸರು ಅಮೋನಿಯಾ. ಗೋಲ್ಡ್ ಫಿಶ್‌ಗೆ ನಿಜವಾದ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ, ಅದಕ್ಕೇ ದಿನವಿಡೀ ಬಾಯಾಡಿಸುತ್ತದೆ, ದಿನವಿಡೀ ಹೊರಹಾಕುತ್ತದೆ. ಅದರ ನೆನಪು ಮೂರೇ ಸೆಕೆಂಡ್ ಅನ್ನುವುದು ಶುದ್ಧ ಸುಳ್ಳು, ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಮರೆವಿರುವುದು ಮನೆಯವರಿಗೆ: ಬೆಳಿಗ್ಗೆ ಅಜ್ಜಿ ಹಾಕಿದ್ದು ಅಪ್ಪನಿಗೆ ಗೊತ್ತಿಲ್ಲ, ಅಪ್ಪ ಹಾಕಿದ್ದು ಮಗನಿಗೆ ಗೊತ್ತಿಲ್ಲ, ಮೂವರ ಮುಂದೆಯೂ ಉಪವಾಸವಿದ್ದವರ ಮುಖ ಮಾಡಿದ್ದು ಗೋಲ್ಡ್ ಫಿಶ್‌ಗೆ ಚೆನ್ನಾಗಿ ಗೊತ್ತು. ಈ ತೊಟ್ಟಿಗೆ ಬೇಡ. ಮೂರಡಿ ತೊಟ್ಟಿ ಇದ್ದು, ಎರಡೋ ಮೂರೋ ಸಾಕುವುದಾದರೆ ಹತ್ತು ವರ್ಷಕ್ಕೂ ಹೆಚ್ಚು ಜೊತೆಗಿರುವ ಮೀನು.

ಗಪ್ಪಿಗೆ ಒಳ್ಳೆಯ ಅಂಕ, ಎಚ್ಚರಿಕೆಯೊಂದಿಗೆ. ಮಲೇರಿಯಾ, ಡೆಂಗಿ ಕಾಲದಲ್ಲಿ ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗಳಿಗೆ ಬಿಡುವ ಮೀನು ಇದೇ, ಗಟ್ಟಿ ಪಿಂಡ. ಆದರೆ ಗಂಡು ಗಪ್ಪಿಗೆ ಎಚ್ಚರವಿರುವಷ್ಟು ಹೊತ್ತೂ ಒಂದೇ ಕಸುಬು. ಒಂದು ಗಂಡಿಗೆ ಒಂದು ಹೆಣ್ಣು ಅಂತ ನ್ಯಾಯವಾಗಿ ತಂದರೆ ಆ ಹೆಣ್ಣು ಓಡಿ ಓಡಿಯೇ ಸಾಯುತ್ತದೆ. ಒಂದಕ್ಕೆ ಎರಡು ಮೂರು ಹೆಣ್ಣು ಇರಬೇಕು. ನಾಲ್ಕು ವಾರಕ್ಕೊಮ್ಮೆ ಮರಿ, ಒಂದು ಹೆರಿಗೆಗೆ 20, 30, ಕೆಲವೊಮ್ಮೆ 50. ಗಂಡನ್ನು ತೆಗೆದುಬಿಟ್ಟರೆ ನಿಲ್ಲುತ್ತದೆ ಅಂದುಕೊಂಡವರಿಗೆ ಹೆಣ್ಣು ಗಪ್ಪಿ ತಿಂಗಳುಗಟ್ಟಲೆ ವೀರ್ಯ ಕೂಡಿಟ್ಟುಕೊಳ್ಳುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ಮರಿ ಉಳಿಯಬೇಕಿದ್ದರೆ ಒಂದು ಹಿಡಿ ಜಾವಾ ಮಾಸ್ (ನೀರಲ್ಲಿ ಬೆಳೆಯುವ ಪಾಚಿಯಂಥ ಗಿಡ) ಹಾಕಿ, ಬಚ್ಚಿಟ್ಟುಕೊಳ್ಳುತ್ತವೆ. ಮರಿ ಬೇಡವಾದರೆ ಏನೂ ಮಾಡಬೇಡಿ, ಹೆತ್ತ ತಾಯೇ ತಿನ್ನುತ್ತಾಳೆ. ಮಾತೃವಾತ್ಸಲ್ಯದ ಬಗ್ಗೆ ಗಪ್ಪಿ ತೊಟ್ಟಿಯ ಮುಂದೆ ಕೂತು ಯಾರೂ ಭಾಷಣ ಬರೆಯಬಾರದು. ತಂಟೆಯೇ ಬೇಡ ಅನ್ನುವವರು ಬರೀ ಗಂಡುಗಳನ್ನೇ ಎಂಟು ತರಬಹುದು. ಬಣ್ಣವೂ ಅವಕ್ಕೇ ಹೆಚ್ಚು.

ಫೈಟರನ್ನು ಲೋಟದಲ್ಲಿಟ್ಟು ಮಾರುತ್ತಾರೆ, ಹಾಗಾಗಿ ಲೋಟದಲ್ಲೇ ಬದುಕುವ ಮೀನು ಅಂತ ಜನ ತಿಳಿದಿದ್ದಾರೆ. ಅದಕ್ಕೆ ತಲೆಯಲ್ಲಿ ಇನ್ನೊಂದು ಉಸಿರಾಟದ ಅಂಗ ಇದೆ, ಮೇಲೆ ಬಂದು ಗಾಳಿ ಗುಟುಕರಿಸುತ್ತದೆ. ಅದರಿಂದ ಸಾಯುವುದು ತಡವಾಗುತ್ತದೆ, ಅಷ್ಟೇ. ಒಂದು ಗಂಡಿಗೆ ಕಡೇಪಕ್ಷ 15, 20 ಲೀಟರ್, 26ರಿಂದ 28 ಡಿಗ್ರಿ ನೀರು ಬೇಕು. ಎರಡು ಗಂಡನ್ನು ಒಟ್ಟಿಗೆ ಬಿಡಬಾರದು ಅನ್ನುವುದು ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ್ದು ಇದು: ಸಂಜೆ ರೂಮಿನ ಲೈಟ್ ಆರಿಸಿ ತೊಟ್ಟಿಯ ಲೈಟ್ ಮಾತ್ರ ಹಾಕಿದರೆ ಗಾಜು ಒಳಗಿನಿಂದ ಕನ್ನಡಿಯಾಗುತ್ತದೆ. ಫೈಟರ್ ಕಿವಿರು ಅಗಲಿಸಿ, ಗಡ್ಡದ ಪೊರೆ ಕೆದರಿಸಿ, ತನ್ನ ಬಿಂಬದ ಜೊತೆ ರಾತ್ರಿ ಹತ್ತರವರೆಗೆ ಜಗಳ ಕಾಯುತ್ತದೆ. ಎದುರಾಳಿ ಒಂದಿಂಚೂ ಹಿಂದೆ ಸರಿಯುವುದಿಲ್ಲ. ಬೈಗುಳಕ್ಕೆ ಬೈಗುಳ, ರೆಕ್ಕೆಗೆ ರೆಕ್ಕೆ. ಫೋನಿನಲ್ಲಿ ಕಾಮೆಂಟ್ ಹಾಕುತ್ತ ಕೂತವರು ಒಮ್ಮೆ ತಲೆಯೆತ್ತಿ ನೋಡಬೇಕಾದ ದೃಶ್ಯ. ಪರಿಹಾರ ಸುಲಭ, ರೂಮಿನ ಲೈಟ್ ಹಾಕಿ. ಈ ಸೆಟ್ಟಿನ ಫಿಲ್ಟರ್ ನೀರನ್ನು ಜೋರಾಗಿ ತಳ್ಳುತ್ತದೆ, ಉದ್ದ ಬಾಲದ ಫೈಟರಿಗೆ ಸುಸ್ತು. ಕೊಳವೆಯ ಬಾಯನ್ನು ಹಿಂದಿನ ಗಾಜಿನ ಕಡೆ ತಿರುಗಿಸಿ. ಇಷ್ಟೆಲ್ಲ ಸಿಡುಕಿನ ಗಂಡಸು ಗುಳ್ಳೆಗಳ ಗೂಡು ಕಟ್ಟಿ, ಮೊಟ್ಟೆಗಳನ್ನು ಬಾಯಲ್ಲಿ ಹೆಕ್ಕಿ ಗೂಡಿಗೆ ಸೇರಿಸಿ, ಬಿದ್ದ ಮರಿಯನ್ನು ಮತ್ತೆ ಎತ್ತಿಟ್ಟು, ಒಬ್ಬನೇ ಬಾಣಂತನ ಮಾಡುತ್ತದೆ. ಮೊಟ್ಟೆ ಇಟ್ಟಾದ ಮೇಲೆ ಹೆಣ್ಣನ್ನು ಮಾತ್ರ ಬೇರೆ ತೊಟ್ಟಿಗೆ ತೆಗೆಯಲೇಬೇಕು, ಇಲ್ಲದಿದ್ದರೆ ಗಂಡು ಅದನ್ನು ಹರಿದುಹಾಕುತ್ತದೆ.

ಟೈಗರ್ ಬಾರ್ಬ್ ಬಗ್ಗೆ ಒಂದೇ ನಿಯಮ: ಎಂಟಕ್ಕಿಂತ ಕಡಿಮೆ ತರಬೇಡಿ. ಎರಡು ಮೂರು ಇದ್ದರೆ ಕಂಡವರ ಬಾಲ ಕಚ್ಚುತ್ತವೆ. ಎಂಟು ಹತ್ತು ಇದ್ದರೆ ಯಾರು ಮುಂದೆ, ಯಾರು ಹಿಂದೆ ಅಂತ ತಮ್ಮತಮ್ಮಲ್ಲೇ ಪೈಪೋಟಿ ಹಚ್ಚಿಕೊಂಡು ಉಳಿದವರನ್ನು ಮರೆಯುತ್ತವೆ. ಬಡಾವಣೆಯ ಸಂಘ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ತೊಟ್ಟಿಗೆ ಹಾಕುವುದಾದರೆ ಅದೊಂದೇ ಜಾತಿ ಹಾಕಿ, ಆದರೂ ಜಾಗ ಬಿಗಿಯೇ. ಏಂಜಲ್ ಜೊತೆ ಬಿಟ್ಟರೆ ಏಂಜಲಿನ ಉದ್ದ ರೆಕ್ಕೆ ವಾರದಲ್ಲಿ ದಾರವಾಗುತ್ತದೆ. ಏಂಜಲಿಗೂ ಒಂದಡಿ ಎತ್ತರ ಸಾಲದು, ಬೆಳೆದ ಮೇಲೆ ನಿಯಾನ್ ಟೆಟ್ರಾಗಳನ್ನು ನುಂಗುತ್ತದೆ. ಅದಕ್ಕೆ ಒಂದೂವರೆ ಅಡಿ ಎತ್ತರದ ತೊಟ್ಟಿ ನೋಡಿ.

ಸಕ್ಕರ್ ಮೀನಿನ ವಿಷಯದಲ್ಲಿ ಅಂಗಡಿಯವರ ಜೊತೆ ಜಗಳವಾಡಲೇಬೇಕು. "ಟ್ಯಾಂಕ್ ಕ್ಲೀನರ್ ಸಾರ್, ಒಂದು ಹಾಕ್ಕೊಳಿ, ನೀರು ಬದಲಾಯಿಸೋ ತಲೆನೋವೇ ಇರಲ್ಲ" ಅನ್ನುತ್ತಾರೆ. ಎರಡಿಂಚಿನ ಮರಿ ಗಾಜಿನ ಪಾಚಿ ನೆಕ್ಕುವುದು ನಿಜ. ಆದರೆ ಅದು ದಕ್ಷಿಣ ಅಮೆರಿಕದ ಪ್ಲೆಕೊ, ಒಂದಡಿ ದಾಟಿ ಬೆಳೆಯುತ್ತದೆ. ಅಂದರೆ ಒಂದಡಿ ಅಗಲದ ಈ ತೊಟ್ಟಿಯಲ್ಲಿ ಕೊನೆಗೆ ತಿರುಗಲೂ ಜಾಗ ಇರುವುದಿಲ್ಲ. ಬೆಳೆದಂತೆ ಪಾಚಿ ಬಿಟ್ಟು ಫುಡ್ಡಿಗೆ ಬಾಯಿ ಹಾಕುತ್ತದೆ, ರಾತ್ರಿ ಹೊತ್ತು ಗೋಲ್ಡ್ ಫಿಶ್‌ನ ಮೈಗೆ ಅಂಟಿ ಲೋಳೆ ಹೀರುತ್ತದೆ, ಎಲ್ಲರಿಗಿಂತ ಹೆಚ್ಚು ಹೇಲುತ್ತದೆ. ಕ್ಲೀನರ್ ಹುದ್ದೆಗೆ ಸೇರಿ ಮೇಲಧಿಕಾರಿಯಾದ ಗಿರಾಕಿ. ತೊಟ್ಟಿಗೆ ತರುವ ಯಾವ ಮೀನೂ ಇನ್ನೊಂದರ ಹೇಲು ತಿಂದು ತೊಟ್ಟಿ ಚೊಕ್ಕ ಮಾಡುವುದಿಲ್ಲ. ಆ ಕೆಲಸ ಪೈಪಿನದು, ಪೈಪ್ ಹಿಡಿದವರದು. ದೊಡ್ಡದಾದ ಸಕ್ಕರನ್ನು ಪಾಪ ಅಂತ ಕುಕ್ಕರಹಳ್ಳಿ ಕೆರೆಗೋ ಲಿಂಗಾಂಬುಧಿಗೋ ಕಾವೇರಿಗೋ ಬಿಡುವುದು ಪುಣ್ಯದ ಕೆಲಸವಲ್ಲ. ದೇಶದ ಹಲವು ಕಡೆ ಕೆರೆ ಹೊಳೆಗಳಲ್ಲಿ ಅದು ಈಗಾಗಲೇ ನೆಲೆಯೂರಿದೆ, ಅದರ ಮುಳ್ಳಿಗೆ ಬೆಸ್ತರ ಬಲೆ ಹರಿಯುತ್ತದೆ. ಅಂಗಡಿಗೇ ವಾಪಸ್ ಕೊಡಿ. ಪಾಚಿಗೆ ಮದ್ದು ಬೇಕಿದ್ದರೆ ಲೈಟನ್ನು ದಿನಕ್ಕೆ 6ರಿಂದ 8 ಗಂಟೆಗೆ ಇಳಿಸಿ, ಸಾಲದಿದ್ದರೆ ಎರಡು ನೆರೈಟ್ ಬಸವನಹುಳು ಬಿಡಿ.

ಅರೋವಾನ, ಫ್ಲವರ್‌ಹಾರ್ನ್ ಎರಡನ್ನೂ ಈ ಸೆಟ್ಟಿನ ಪಕ್ಕದಲ್ಲೇ ನಿಲ್ಲಿಸಿ ಆಸೆ ಹುಟ್ಟಿಸುತ್ತಾರೆ. ನೋಡಿ ಬನ್ನಿ. ಬಣ್ಣ ಚುಚ್ಚಿದ ಪ್ಯಾರಟ್ ಮೀನು, ಬಣ್ಣ ಅದ್ದಿದ ಟೆಟ್ರಾಗಳನ್ನು ಪುಕ್ಕಟೆ ಕೊಟ್ಟರೂ ಬೇಡ.

ಈ ಸೆಟ್ಟಿಗೆ ಹೇಳಿಮಾಡಿಸಿದ್ದು ಜೀಬ್ರಾ ಡೇನಿಯೊ. ನಮ್ಮ ಉಪಖಂಡದ್ದೇ ಮೀನು, ಎರಡಿಂಚು ದಾಟುವುದಿಲ್ಲ, ಚಳಿ ತಡೆಯುತ್ತದೆ, ಎಂಟು ತಂದರೆ ದಿನವಿಡೀ ರೇಸು. ಹಾರುವ ಅಭ್ಯಾಸ ಇದೆ, ಮುಚ್ಚಳದ ಸಂದಿ ಮುಚ್ಚಿ. ತಳಕ್ಕೆ ಆರು ಕೋರಿಡೋರಸ್. ಅವು ಮೀಸೆಯಲ್ಲಿ ತಳ ಕೆದಕಿ ತಿನ್ನುವುದರಿಂದ ಚೂಪು ಜಲ್ಲಿ ಇದ್ದರೆ ಮೀಸೆ ಸವೆದು ಹುಣ್ಣಾಗುತ್ತದೆ, ನುಣುಪು ಮರಳು ಹಾಕಿ. ಆಗಾಗ ರಾಕೆಟ್ಟಿನ ಹಾಗೆ ಮೇಲೆ ಹೋಗಿ ಗಾಳಿ ನುಂಗಿ ಬರುವುದು ಅವುಗಳ ಸಹಜ ಅಭ್ಯಾಸ, ಗಾಬರಿ ಬೇಡ. ಆದರೆ ಎಲ್ಲವೂ ಸೇರಿ ಸತತವಾಗಿ ಹಾಗೆ ಮಾಡುತ್ತಿದ್ದರೆ ಆಮ್ಲಜನಕ ಕಡಿಮೆಯಾಗಿದೆ ಅಂತ ಅರ್ಥ.

ಅಂಗಡಿಯಲ್ಲಿ ಮೀನು ಆರಿಸುವಾಗ ನಿಮ್ಮ ಮೀನನ್ನಲ್ಲ, ಅದರ ನೆರೆಹೊರೆಯನ್ನು ನೋಡಿ. ಅದೇ ತೊಟ್ಟಿಯಲ್ಲಿ ಒಂದು ಸತ್ತು ಬಿದ್ದಿದ್ದರೆ, ರೆಕ್ಕೆ ಮುಚ್ಚಿಕೊಂಡು ಮೂಲೆ ಹಿಡಿದದ್ದಿದ್ದರೆ, ಮುಂದೆ ಹೋಗಿ. "ಲೋಡ್ ಯಾವಾಗ ಬಂತು?" ಅಂತ ಕೇಳಿ, ನಿನ್ನೆ ಬಂದದ್ದಾದರೆ ಒಂದು ವಾರ ಬಿಟ್ಟು ಬನ್ನಿ. ನಿಮ್ಮೆದುರು ಸ್ವಲ್ಪ ಫುಡ್ ಹಾಕಿಸಿ, ತಿನ್ನುವ ಮೀನನ್ನು ತನ್ನಿ. ಮನೆಯಲ್ಲಿ ಕವರನ್ನು ಕಟ್ಟಿದ ಹಾಗೇ 15, 20 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿ ಐದೈದು ನಿಮಿಷಕ್ಕೊಂದು ಲೋಟ ತೊಟ್ಟಿಯ ನೀರು ಕವರಿಗೆ ಸೇರಿಸಿ, ಕೊನೆಗೆ ಬಲೆಯಲ್ಲಿ ಮೀನನ್ನು ಮಾತ್ರ ಬಿಡಿ. ಕವರಿನ ನೀರು ತೊಟ್ಟಿಗೆ ಬೀಳಬಾರದು. ಒಂದೇ ದಿನ ಎಲ್ಲ ಮೀನೂ ಬೇಡ. ಬ್ಯಾಕ್ಟೀರಿಯಾದ ಸಂಖ್ಯೆ ಊಟಕ್ಕೆ ತಕ್ಕಷ್ಟೇ ಇರುವುದರಿಂದ ನಾಲ್ಕು ಬಿಟ್ಟು, ಎರಡು ವಾರ ಕಳೆದು ಮತ್ತೆ ನಾಲ್ಕು.

ಸೆಟ್ಟಿನಲ್ಲಿ ಹೀಟರ್ ಇರುವುದಿಲ್ಲ. ಡೇನಿಯೊ ಸಾಕುವವರಿಗೆ ಬೇಕಿಲ್ಲ. ಫೈಟರ್, ಟೆಟ್ರಾ ಇದ್ದರೆ ಮಾರ್ಗಶಿರದ ಚಳಿಗೆ 50 ವ್ಯಾಟಿನದು ಬೇಕೇ ಬೇಕು, ಲೀಟರಿಗೆ ಒಂದು ವ್ಯಾಟ್ ಹತ್ತಿರ ಇದ್ದರೆ ಸಾಕು. ಹಗಲು ರಾತ್ರಿಯ ಏರಿಳಿತವೇ ಬಿಳಿ ಚುಕ್ಕಿ ರೋಗಕ್ಕೆ ಆಹ್ವಾನ. ನೀರು ತೆಗೆಯುವ ಮೊದಲು ಹೀಟರ್ ಸ್ವಿಚ್ ಆರಿಸಿ ಹತ್ತು ನಿಮಿಷ ಬಿಡಿ; ಕಾದ ಗಾಜಿನ ಕೊಳವೆ ನೀರಿನಿಂದ ಹೊರಗೆ ಬಂದು, ಮತ್ತೆ ತಣ್ಣೀರು ತಾಕಿದರೆ ಚಟ್ಟನೆ ಒಡೆಯುತ್ತದೆ. ಎಲ್ಲ ವೈರನ್ನೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿಸಿ ಮೇಲೆ ಒಯ್ಯಿರಿ, ಜಾರಿ ಬರುವ ನೀರು ಬಾಗಿದಲ್ಲೇ ತೊಟ್ಟಿಕ್ಕುತ್ತದೆ. ಕರೆಂಟ್ ಬಿಲ್ಲಿನ ಹೆದರಿಕೆ ಬೇಡ: 8 ವ್ಯಾಟಿನ ಫಿಲ್ಟರ್ ತಿಂಗಳಿಡೀ ಓಡಿದರೆ ಆರು ಯೂನಿಟ್‌ಗೂ ಕಡಿಮೆ, 10 ವ್ಯಾಟಿನ ಲೈಟ್ ದಿನಕ್ಕೆ ಏಳು ಗಂಟೆಯಂತೆ ಎರಡು ಯೂನಿಟ್ ಚಿಲ್ಲರೆ. ಹೀಟರ್ ದಿನಕ್ಕೆ ಎಂಟು ಗಂಟೆ ಉರಿದರೆ ಹನ್ನೆರಡು ಯೂನಿಟ್. ಕರೆಂಟ್ ಹೋದಾಗ ಫುಡ್ ಹಾಕಬೇಡಿ. ಎರಡು ಮೂರು ಗಂಟೆಗಿಂತ ಹೆಚ್ಚಾದರೆ ಲೋಟದಲ್ಲಿ ನೀರೆತ್ತಿ ಒಂದಡಿ ಮೇಲಿನಿಂದ ಸುರಿಯುತ್ತಿರಿ, ಇಲ್ಲವೇ ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ.

ಮೈಮೇಲೆ ಸಕ್ಕರೆ ಉದುರಿಸಿದ ಹಾಗೆ ಕಂಡರೆ ಅದೇ ಬಿಳಿ ಚುಕ್ಕಿ. ಮೈಯೊಳಗೆ ಕೂತ ಪರಾವಲಂಬಿಗೆ ಯಾವ ಮದ್ದೂ ತಟ್ಟುವುದಿಲ್ಲ. ಅದು ಉದುರಿ, ಒಡೆದು, ಮರಿಗಳು ಈಜಾಡುವಾಗ ಮಾತ್ರ ಸಾಯುತ್ತದೆ. ನಿಧಾನವಾಗಿ ನೀರನ್ನು 30 ಡಿಗ್ರಿಗೆ ಏರಿಸಿದರೆ ಅದರ ಜೀವನಚಕ್ರ ಬೇಗ ಮುಗಿಯುತ್ತದೆ. ಜೊತೆಗೆ ಏರ್ ಪಂಪ್ ಜೋರು ಮಾಡಿ, ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ. ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು, ಕರಗಿಸಿ, ಎರಡು ಮೂರು ಕಂತಿನಲ್ಲಿ. ಕೋರಿಡೋರಸ್ ಇದ್ದರೆ ಅರ್ಧ. ಚುಕ್ಕಿ ಮಾಯವಾದ ದಿನವೇ ನಿಲ್ಲಿಸುವುದು ಎಲ್ಲರೂ ಮಾಡುವ ಕೆಲಸ, ವಾರದಲ್ಲಿ ಎರಡರಷ್ಟು ಬರುವುದು ಅದಕ್ಕೇ. ಹತ್ತು ದಿನ ಮುಂದುವರಿಸಿ. ಮೆಥಿಲೀನ್ ಬ್ಲೂ ಹಾಕುವುದಾದರೆ ಬೇರೆ ಟಬ್ಬಿನಲ್ಲಿ. ತೊಟ್ಟಿಗೆ ಹಾಕಿದರೆ ಫಿಲ್ಟರಿನ ಬ್ಯಾಕ್ಟೀರಿಯಾವೂ ಸಾಯುತ್ತದೆ, ಸಿಲಿಕೋನ್ ಶಾಶ್ವತವಾಗಿ ನೀಲಿಯಾಗುತ್ತದೆ.

ಕೊನೆಗೆ ಫುಡ್ ಡಬ್ಬಿ, ಸೆಟ್ಟಿನಲ್ಲಿರುವ ಅತಿ ಅಪಾಯದ ವಸ್ತು. ದಿನಕ್ಕೊಮ್ಮೆ ಅಥವಾ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟೇ. ತಳಕ್ಕೆ ಬಿದ್ದದ್ದು ಕಂಡರೆ ನಾಳೆ ಅರ್ಧ. ವಾರಕ್ಕೊಂದು ದಿನ ಏಕಾದಶಿ ಮಾಡಿಸಿ, ಹೊಟ್ಟೆ ಉಬ್ಬರ ಇಳಿಯುತ್ತದೆ. ಕವರಿನಲ್ಲಿ ತೂಕಕ್ಕೆ ಮಾರುವ ಬಿಡಿ ಫುಡ್ ಹಳತಾಗಿ ಸತ್ವ ಕಳೆದುಕೊಂಡಿರುತ್ತದೆ. ಸೀಲಿರುವ ಸಣ್ಣ ಡಬ್ಬಿ ಕೊಳ್ಳಿ. ನಾಲ್ಕು ದಿನ ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಹೊರಟರೆ ಏನೂ ಮಾಡುವುದು ಬೇಡ, ಬೆಳೆದ ಮೀನು ಒಂದು ವಾರ ಊಟವಿಲ್ಲದೆ ಆರಾಮಾಗಿರುತ್ತದೆ. ಹದಿನೈದು ದಿನದ ಪ್ರವಾಸವಾದರೆ ಪಕ್ಕದ ಮನೆ ಆಂಟಿಗೆ ಹೇಳಬಹುದು: ಎರಡು ದಿನಕ್ಕೊಂದರಂತೆ ಪುಟ್ಟ ಪೊಟ್ಟಣ ಕಟ್ಟಿ, ಮೇಲೆ ತಾರೀಕು ಬರೆದು ಕೊಡಿ. ಉಳಿದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿ ಜೊತೆಗೇ ಒಯ್ಯಿರಿ. "ಪಾಪ, ಮೇಲೆ ಬಂದು ಬಂದು ನೋಡ್ತಿದ್ವು" ಅಂತ ಅವರು ಖಂಡಿತ ಇನ್ನಷ್ಟು ಹುಡುಕುತ್ತಾರೆ.